ನನ್ನ ಬದಲು ಅಣ್ಣನಾಗಿದ್ದ ಕಂಪ್ಯೂಟರು

ಕಾಗದಕ್ಕೆ ಉತ್ತರ ಬರೆಯದವರಲ್ಲಿ ಹಲವು ಬಗೆಯವರಿದ್ದಾರೆ. ಕೆಲವರು ಬರೀ ಸೋಮಾರಿಗಳು. ಅವರಿಂದ ಯಾರಿಗೂ ಕೇಡಿಲ್ಲ, ಕೇಡು ಮಾಡಲೂ ಅವರಿಗೆ ಸೋಮಾರಿತನ. ಕೆಲವರು ಬರೆದು, ಮಡಿಸಿ, ಅಂಗಿಯ ಜೇಬಿನಲ್ಲಿಟ್ಟುಕೊಂಡು ಪೋಸ್ಟ್ ಡಬ್ಬದ ಮುಂದೆಯೇ ದಿನಾ ಓಡಾಡಿ, ಕೊನೆಗೆ ಅಂಗಿಯ ಜೊತೆ ಕಾಗದವನ್ನೂ ಒಗೆಯುವವರು. ಇನ್ನು ಕೆಲವರು ಮನಸ್ಸಿನಲ್ಲೇ ಉತ್ತರ ಬರೆದು ಮುಗಿಸಿ, ಆ ಕಡೆಯವರು ಯಾಕೆ ಸುಮ್ಮನಿದ್ದಾರೆ ಎಂದು ಸಿಟ್ಟಾಗುವವರು. ನಾನು ಈ ಯಾವ ಗುಂಪಿಗೂ ಸೇರಿದವನಲ್ಲ. ನಾನು ಉತ್ತರ ಬರೆಯಲಿಕ್ಕೆಂದೇ ಒಂದು ಯಂತ್ರವನ್ನು ಇಟ್ಟುಕೊಂಡಿದ್ದವನು. ಅದೂ ಬೇರೆ ಯಾರಿಗೋ ಅಲ್ಲ, ಒಬ್ಬಳೇ ತಂಗಿಗೆ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ಹೆಮ್ಮೆಯೇನಿಲ್ಲ. ಆದರೆ ನಮ್ಮ ಮನೆಯಲ್ಲಿ ಹೇಳಿಕೊಳ್ಳಲು ನನ್ನ ಬಿಟ್ಟು ಯಾರೂ ಇಲ್ಲ, ನನಗೆ ಹೇಳಿ ಹೇಳಿ ನನಗೇ ಬೇಸರವಾಗಿದೆ. ಆದ್ದರಿಂದ ನಿಮಗೆ ಹೇಳುತ್ತಿದ್ದೇನೆ.

ಕಂಪ್ಯೂಟರು, ಯಂತ್ರ ಎಂದೆಲ್ಲ ಅಂದಮಾತ್ರಕ್ಕೆ ನನ್ನನ್ನು ಓದಿದವನೆಂದು ತಿಳಿಯಬೇಡಿ. ನಾನು ಹತ್ತನೇ ಕ್ಲಾಸು ದಾಟಲಿಲ್ಲ. ದಾಟಲಿಲ್ಲ ಎಂದರೆ ಪ್ರಯತ್ನವನ್ನೇ ಪಡಲಿಲ್ಲ ಎಂದಲ್ಲ. ಇಂಗ್ಲಿಷ್ ಪರೀಕ್ಷೆಗೆ ಮತ್ತೆ ಮತ್ತೆ ಹೋದೆ. ಕೊನೆಗೆ ಪರೀಕ್ಷೆಯ ಹಾಲಿನ ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು, ಮದುವೆ ಮನೆಯಲ್ಲಿ ನೆಂಟರನ್ನು ವಿಚಾರಿಸುವ ಹಾಗೆ, "ಏನ್ ಮುನಿರಾಜು, ಮನೇಲೆಲ್ಲ ಚೆನ್ನಾಗಿದ್ದಾರಾ?" ಎಂದು ಕೇಳತೊಡಗಿದ ಮೇಲೆ ನಾಚಿಕೆಯಾಗಿ ಬಿಟ್ಟೆ. ಆಮೇಲೆ ವಿಜಯಪುರದಲ್ಲಿ ರೇಷ್ಮೆ ಹುರಿ ಮಾಡುವ ಮಿಷನ್ನಿನ ಮುಂದೆ ಕೆಲವು ವರ್ಷ ನಿಂತೆ. ಅಷ್ಟರಲ್ಲಿ ನಮ್ಮೂರಿನ ಹತ್ತಿರ, ದೇವನಹಳ್ಳಿ ರಸ್ತೆಯಿಂದ ಸ್ವಲ್ಪ ಒಳಕ್ಕೆ, ರಾಗಿ ಬೆಳೆಯುತ್ತಿದ್ದ ಹೊಲಗಳಿಗೆ ಪ್ಲಾಸ್ಟಿಕ್ ಚಾವಣಿ ಹೊದಿಸಿ ಗುಲಾಬಿ ಬೆಳೆಯುವ ಫಾರಂ ಬಂತು. ಆ ಗುಲಾಬಿ ನಮ್ಮ ಕಡೆಯ ಗುಲಾಬಿಯಲ್ಲ. ವಾಸನೆ ಇಲ್ಲ, ಕಾಂಡ ಮಾತ್ರ ಮೊಳದುದ್ದ. ನಮ್ಮೂರ ಹೆಂಗಸರು ಮುಡಿದುಕೊಂಡರೆ ಹೂವು ತಲೆಯಲ್ಲೂ ತುದಿ ಸೊಂಟದಲ್ಲೂ ಇರುತ್ತದೆ. ಅವು ಎಲ್ಲಾ ವಿಮಾನ ಹತ್ತಿ ಹೊರದೇಶಕ್ಕೆ ಹೋಗುವ ಹೂವುಗಳು. ನಾನು ಪ್ಯಾಕಿಂಗ್ ಶೆಡ್ಡಿನಲ್ಲಿ ರಟ್ಟಿನ ಪೆಟ್ಟಿಗೆಗಳಿಗೆ ದಾರ ಕಟ್ಟಿ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿದೆ. ಮಸ್ಕತ್‌ಗೆ ಹೋಗಬೇಕಾದ ಪೆಟ್ಟಿಗೆ ದುಬೈಗೆ ಹೋಗದ ಹಾಗೆ ನೋಡಿಕೊಳ್ಳುವಷ್ಟು ಇಂಗ್ಲಿಷ್ ನನ್ನಲ್ಲಿತ್ತು. ಅಷ್ಟು ಇಂಗ್ಲಿಷ್ ಶೆಡ್ಡಿನಲ್ಲಿ ಬೇರೆ ಯಾರಲ್ಲೂ ಇಲ್ಲದಿದ್ದುದರಿಂದ, ಆಫೀಸಿಗೆ ಕಂಪ್ಯೂಟರು ಬಂದಾಗ ಅದರ ಪಕ್ಕ ನನ್ನನ್ನು ಕೂರಿಸಿದರು.

ಕೂರಿಸಿದರು ಎಂದರೆ ದೊಡ್ಡ ಕೆಲಸವೇನಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಟೆಲಿಫೋನಿನ ತಂತಿಯನ್ನು ಮೋಡೆಮ್ಮಿಗೆ ಸಿಕ್ಕಿಸಿ, ಅದು ಹಲ್ಲು ನೋವಾದವರ ಹಾಗೆ ಕಿರುಚಿ ಮುಗಿಸುವವರೆಗೆ ಕಾದು, ಬಂದ ಈ-ಮೇಲ್‌ಗಳನ್ನು ನೋಡುವುದು. ಆ ಹೊತ್ತಿನಲ್ಲಿ ಮ್ಯಾನೇಜರಿಗೆ ಯಾರಾದರೂ ಫೋನ್ ಮಾಡಿದರೆ ಸಿಗುತ್ತಿರಲಿಲ್ಲ. ಅದನ್ನು ತಿಳಿದುಕೊಂಡ ಮ್ಯಾನೇಜರು, ಅವರ ಮನೆಯವರು ಫೋನ್ ಮಾಡುವ ಹೊತ್ತಿಗೆ ಸರಿಯಾಗಿ, "ಮುನಿರಾಜು, ಒಂದ್ಸಲ ಇಂಟರ್ನೆಟ್ ಹಾಕಪ್ಪ" ಅನ್ನುತ್ತಿದ್ದರು.

ನಮ್ಮ ಮಾಲೀಕರಿಗೆ ಹೊಸದು ಎಂದರೆ ಆಸೆ. ಫಾರಂಗೆ ಒಂದು ವೆಬ್‌ಸೈಟ್ ಬೇಕು ಎಂದರು. ಬೆಂಗಳೂರಿನಿಂದ ಕಿರಣ್ ಎಂಬ ಹುಡುಗನನ್ನು ಗೊತ್ತು ಮಾಡಿದರು. ಹುಡುಗ ಅಂದರೆ ಗಡ್ಡ ಬಂದ ಹುಡುಗ. ಬೈಕಿನಲ್ಲಿ ಬಂದು, ಹೆಲ್ಮೆಟ್ಟನ್ನು ಕಂಪ್ಯೂಟರಿನ ತಲೆಯ ಮೇಲಿಟ್ಟು ಕೆಲಸ ಮಾಡುತ್ತಿದ್ದ. ವೆಬ್‌ಸೈಟಿನಲ್ಲಿ ಗುಲಾಬಿಗಳ ಚಿತ್ರ ಹಾಕಿದ. ಅದರ ಕೆಳಗೆ ನಮ್ಮ ವಿಳಾಸ ಹಾಕಿದ. ಆಮೇಲೆ, ಬರುವ ಈ-ಮೇಲ್‌ಗಳನ್ನು ಮನುಷ್ಯರು ಮುಟ್ಟದೆ ಪ್ರೋಗ್ರಾಮೇ ಓದಿ, ವಿಂಗಡಿಸಿ, ಉತ್ತರವನ್ನೂ ಕೊಡುವ ಹಾಗೆ ಮಾಡಿದ. ನನಗೆ ತಿಳಿಸಿ ಹೇಳಿದ್ದೂ ಅವನೇ.

"ನೋಡು ಗುರು, ಪೋಸ್ಟ್ ಆಫೀಸಲ್ಲಿ ಕಾಗ್ದ ವಿಂಗಡಿಸೋ ಖಾನೆ ಇರುತ್ತಲ್ಲ, ಹಂಗೇ ಇದು. ಒಳಗೆ ಆರ್ಡರ್ ಅಂತ ಇದ್ರೆ ಆರ್ಡರ್ ಖಾನೆಗೆ ಹಾಕುತ್ತೆ. ರೋಸ್, ಬಾಕ್ಸ್ ಎರಡೂ ಇದ್ರೆ, ಇವ್ರು ಹೂವು ಕೇಳ್ತಾವ್ರೆ ಅಂತ ರೇಟ್ ಪಟ್ಟಿ ಕಳ್ಸುತ್ತೆ. ಕಂಪ್ಲೇಂಟ್ ಅಂತ ಇದ್ರೆ ಕ್ಷಮಿಸಿ ಅನ್ನುತ್ತೆ. ಏನೂ ಗೊತ್ತಾಗ್ಲಿಲ್ಲ ಅಂದ್ರೆ ಇತರೆ ಖಾನೆಗೆ ತಳ್ಳಿ, ಥ್ಯಾಂಕ್ಸ್, ನಮ್ಮೋರು ಆಮೇಲೆ ಬರೀತಾರೆ ಅನ್ನುತ್ತೆ."

"ಇದೆಲ್ಲ ಈ ಡಬ್ಬದೊಳಗೇ ಆಗುತ್ತಾ?"

"ಇಲ್ಲ ಗುರು, ಬೆಂಗ್ಳೂರಲ್ಲಿ ಇನ್ನೊಂದು ಡಬ್ಬ ಐತೆ. ಅದು ಮಲಗೋದೇ ಇಲ್ಲ."

ಮಾಲೀಕರು ಅದನ್ನು ಪರೀಕ್ಷೆ ಮಾಡಲು ಮನೆಗೆ ಹೋಗಿ ಅಲ್ಲಿಂದ ತಾವೇ ಒಂದು ದೂರು ಬರೆದರು. ನಿಮಿಷದೊಳಗೆ ಕ್ಷಮಾಪಣೆ ಬಂತು. ಅವರು ಎಷ್ಟು ಸಂತೋಷಪಟ್ಟರೆಂದರೆ, ಮಾರನೆಯ ದಿನ ಫಾರಂಗೆ ಬಂದವರೇ, "ಲೋ, ನನ್ನೇ ಕ್ಷಮೆ ಕೇಳ್ತು ಕಣ್ರೋ! ಮನೇಲಿ ಯಾರೂ ಕೇಳಿರ್ಲಿಲ್ಲ" ಎಂದರು. ಆಮೇಲೆ ಅವರು ಬೇಸರವಾದಾಗಲೆಲ್ಲ ಒಂದು ದೂರು ಕಳಿಸುತ್ತಿದ್ದರೆಂದು ನನ್ನ ಅನುಮಾನ. ನನ್ನ ಕೆಲಸ ಉಳಿದದ್ದು ಇತರೆ ಖಾನೆಯದು. ಅದಕ್ಕೆ ಬಿದ್ದದ್ದನ್ನು ಪ್ರಿಂಟ್ ತೆಗೆದು ಮ್ಯಾನೇಜರ ಮೇಜಿನ ಮೇಲಿಡಬೇಕು. ಅದರಲ್ಲಿ ಬರುತ್ತಿದ್ದದ್ದು ಬಹಳ ಮಾಡಿ ಕೆಲಸ ಕೇಳುವವರ ಅರ್ಜಿ. ಅಲ್ಲಿಗೆ ಬೀಳಬೇಕಾದದ್ದೂ ಒಮ್ಮೊಮ್ಮೆ ದಾರಿ ತಪ್ಪುತ್ತಿತ್ತು. ಒಂದು ಸಲ ಹಾಲೆಂಡಿನಿಂದ ಯಾರೋ ಮಗಳ ಮದುವೆಗೆ ಬನ್ನಿ ಎಂದು ಮಾಲೀಕರಿಗೆ ಬರೆದಿದ್ದರು. ಅದರಲ್ಲಿ ಮಂಟಪಕ್ಕೆ ರೋಸ್, ಉಡುಗೊರೆಗೆ ಬಾಕ್ಸ್ ಎಂದೆಲ್ಲ ಇತ್ತೋ ಏನೋ, ಅವರಿಗೆ ರೇಟ್ ಪಟ್ಟಿ ಹೋಗಿತ್ತು.

ಈಗ ತಂಗಿಯ ವಿಷಯಕ್ಕೆ ಬರಬೇಕು. ಇಷ್ಟು ಹೊತ್ತು ಗುಲಾಬಿ, ಮೋಡೆಮ್ಮು ಎಂದು ಸುತ್ತಿದ್ದು ಈ ಜಾಗಕ್ಕೆ ಬರಬಾರದೆಂದೇ ಇರಬೇಕು.

ಅವಳ ಹೆಸರು ಮಂಜುಳ. ಅಪ್ಪ ಮೊದಲು ಹೋದರು. ಅವ್ವ ಹೋದಾಗ ಮಂಜು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಅಡುಗೆಯನ್ನು ನಾನು ಹೇಗೋ ಕಲಿತೆ, ಎರಡು ಜಡೆ ಹಾಕುವುದನ್ನು ಮಾತ್ರ ಕಲಿಯಲಾಗಲಿಲ್ಲ. ಪೆಟ್ಟಿಗೆ ಕಟ್ಟುವ ಕೈ, ಎಡಗಡೆಯದು ಕಿವಿಯ ಮೇಲೆ ಬಂದರೆ ಬಲಗಡೆಯದು ಕತ್ತಿನ ಹತ್ತಿರ ಇರುತ್ತಿತ್ತು. ಶಾಲೆಯಲ್ಲಿ ಟೀಚರು "ಯಾರೇ ಜಡೆ ಹಾಕಿದ್ದು?" ಎಂದು ನಕ್ಕರೆ, "ನಮ್ಮಣ್ಣ" ಎಂದು ಬಹುಮಾನ ಬಂದವಳ ಹಾಗೆ ಹೇಳುತ್ತಿದ್ದಳಂತೆ. ಅವಳಿಗೆ ಗಂಡು ಹುಡುಕಿದವನೂ ನಾನೇ. ಹೊಸಕೋಟೆಯ ಹುಡುಗ, ಮಸ್ಕತ್‌ನಲ್ಲಿ ಒಬ್ಬ ವ್ಯಾಪಾರಸ್ಥರ ಮನೆಯಲ್ಲಿ ಡ್ರೈವರು, ಅವರ ಕಾಂಪೌಂಡಿನಲ್ಲೇ ವಾಸ, ಕುಡಿತ ಇಲ್ಲ, ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನೆ. ಊರೆಲ್ಲ ಓಡಾಡಿ ಹೇಳಿಕೊಂಡು ಬಂದೆ. ಮದುವೆಯೂ ಚೆನ್ನಾಗಿ ಆಯಿತು. ಅವಳು ವಿಮಾನ ಹತ್ತುವ ದಿನ ಮಾತ್ರ, ಫಾರಂನಲ್ಲಿ ತುಂಬಾ ಕೆಲಸವಿದೆ ಎಂದು ಹೇಳಿ ಬೀಳ್ಕೊಡಲು ಹೋಗಲಿಲ್ಲ. ಕೆಲಸವಿರಲಿಲ್ಲ. ಹೂವು ಇಡುವ ಕೋಲ್ಡ್ ರೂಮಿನೊಳಗೆ ಹೋಗಿ ಕುಳಿತಿದ್ದೆ. ಅಲ್ಲಿ ಅತ್ತರೆ ಕಣ್ಣೀರು ತಣ್ಣಗಿರುತ್ತದೆ ಎಂಬ ಒಂದು ವಿಷಯ ಅಂದು ನನಗೆ ತಿಳಿಯಿತು. ಬೇರೆ ಪ್ರಯೋಜನವಾಗಲಿಲ್ಲ.

ಆಮೇಲೆ ಮುನಿಸಿಕೊಂಡೆ. ಯಾರ ಮೇಲೆ, ಯಾಕೆ ಎಂದು ಕೇಳಬೇಡಿ. ಮದುವೆ ಮಾಡಿದವನು ನಾನೇ, ಮದುವೆಯಾಗಿ ಹೋದಳಲ್ಲ ಎಂದು ಮುನಿಸಿಕೊಂಡವನೂ ನಾನೇ. ಅವಳಿಂದ ಎರಡು ಮೂರು ಕಾಗದ ಬಂದವು. ಬರೆಯಲಿಲ್ಲ. ಮುನಿಸು ಇಳಿಯುವ ಹೊತ್ತಿಗೆ ನಾಚಿಕೆ ಶುರುವಾಯಿತು. ಇಷ್ಟು ದಿನ ಸುಮ್ಮನಿದ್ದವನು ಈಗ ಏನೆಂದು ಬರೆಯಲಿ? ಮನೆ ಹೇಗಿದೆ ಎಂದು ಕೇಳುತ್ತಾಳೆ. ಹಸು ಮಾರಿದೆ. ಒಲೆ ಹಚ್ಚುವುದನ್ನು ಬಿಟ್ಟು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ತಿನ್ನುತ್ತೇನೆ. ಅವಳು ನೆಟ್ಟ ಮಲ್ಲಿಗೆ ಬಳ್ಳಿ ಒಣಗಿತು, ಗುಲಾಬಿ ಫಾರಂನಲ್ಲಿ ಕೆಲಸ ಮಾಡುವವನ ಮನೆಯಲ್ಲಿ! ಇದನ್ನೆಲ್ಲ ಬರೆಯಬೇಕೋ, ಸುಳ್ಳು ಬರೆಯಬೇಕೋ ತಿಳಿಯದೆ ಏನನ್ನೂ ಬರೆಯದೆ ಉಳಿದೆ. ಕಾಗದಗಳು ನಿಂತವು.

ಹೀಗಿರುವಾಗ ಒಂದು ಬೆಳಿಗ್ಗೆ ಮೋಡೆಮ್ಮು ಕಿರುಚಿ ಮುಗಿಸಿದ ಮೇಲೆ, ರೇಟ್ ಪಟ್ಟಿ ಹೋದವರ ಖಾನೆಯಲ್ಲಿ ಒಂದು ವಿಚಿತ್ರವಾದ ಈ-ಮೇಲ್ ಇತ್ತು. ಅಕ್ಷರ ಇಂಗ್ಲಿಷಿನದು, ಓದಿದರೆ ಇಂಗ್ಲಿಷಲ್ಲ. ತುಟಿ ಆಡಿಸುತ್ತಾ ಓದಿದೆ. ಕನ್ನಡ!

"ಅಣ್ಣಾ, ನಾನು ಮಂಜು. ಇವ್ರ ಓನರ್ ಮನೇಲಿ ಫಂಕ್ಷನ್ ಇತ್ತು. ರೋಸ್ ತರ್ಸಿದ್ರು. ಬಾಕ್ಸ್ ಮೇಲೆ ನಿಮ್ ಫಾರಂ ಹೆಸ್ರು ನೋಡಿ ಅಲ್ಲೇ ಕೂತ್ಬಿಟ್ಟೆ. ನೀನೇ ಕಟ್ಟಿದ್ದಾ? ಆ ಗಂಟು ನಿಂದೇ ಅನ್ನಿಸ್ತು. ಬಾಕ್ಸ್ ಮೇಲಿದ್ದ ವಿಳಾಸಕ್ಕೆ ವಿನೋದಕ್ಕ ಇದನ್ನ ಟೈಪ್ ಮಾಡ್ತಾವ್ರೆ. ಹೆಂಗಿದ್ದೀಯ ಅಣ್ಣಾ?"

ವಿನೋದಕ್ಕ ಎಂದರೆ ಆ ವ್ಯಾಪಾರಸ್ಥರ ಹೆಂಡತಿ, ಮಂಗಳೂರಿನ ಕಡೆಯವರು ಎಂದು ಕೆಳಗೆ ಬರೆದಿತ್ತು. ನಾನು ಓದಿ ಮುಗಿಸುವ ಮೊದಲೇ, ಅವಳು ಕಳಿಸಿದ ನಿಮಿಷದಲ್ಲೇ, ಬೆಂಗಳೂರಿನ ಆ ಮಲಗದ ಡಬ್ಬ ಅವಳಿಗೆ ಗುಲಾಬಿಯ ರೇಟ್ ಪಟ್ಟಿ ಕಳಿಸಿಯಾಗಿತ್ತು. ಮಾರನೆಯ ದಿನ ಇನ್ನೊಂದು ಬಂತು. "ಅಣ್ಣಾ, ನೀನು ತಕ್ಷಣ ಉತ್ರ ಕೊಟ್ಟೆ ಅಂತ ಖುಷಿಯಾಯ್ತು. ವಿನೋದಕ್ಕ ಓದಿ ಹೇಳಿದ್ರು. ಆದ್ರೆ ಹೂವಿನ ರೇಟ್ ಯಾಕೆ ಕಳ್ಸಿದ್ದೀಯ? ಸಿಟ್ಟಾ?" ಇದರಲ್ಲಿ ರೋಸೂ ಇರಲಿಲ್ಲ, ಬಾಕ್ಸೂ ಇರಲಿಲ್ಲ. ಇತರೆ ಖಾನೆಗೆ ಬಿತ್ತು. ನಮ್ಮ ಹೂವುಗಳಲ್ಲಿ ಆಸಕ್ತಿ ತೋರಿದ್ದಕ್ಕೆ ವಂದನೆಗಳು, ನಮ್ಮ ಪ್ರತಿನಿಧಿ ಬೇಗನೆ ತಮ್ಮನ್ನು ಸಂಪರ್ಕಿಸುತ್ತಾರೆ ಎಂದು ಅವಳಿಗೆ ಉತ್ತರ ಹೋಯಿತು.

ಆ ಪ್ರತಿನಿಧಿ ನಾನು. ಮ್ಯಾನೇಜರು ಊಟಕ್ಕೆ ಹೋದಾಗ ಕಂಪ್ಯೂಟರಿನ ಮುಂದೆ ಕುಳಿತೆ. ಒಂದೇ ಬೆರಳಿನಲ್ಲಿ "ಮಂಜು" ಎಂದು ಹೊಡೆದೆ. ಅದಾದ ಮೇಲೆ ಅಲ್ಲೊಂದು ಕಪ್ಪು ಗೆರೆ ಮಿಟುಕುತ್ತಿರುತ್ತದಲ್ಲ, ಅದು ಹೇಳು ಹೇಳು ಎನ್ನುವ ಹಾಗೆ ಮಿಟುಕುತ್ತಲೇ ಇತ್ತು. ನಾನೂ ಮಿಟುಕುತ್ತಾ ಕುಳಿತೆ. ಮ್ಯಾನೇಜರು ಬಂದ ಸದ್ದಾಯಿತು, ಅಳಿಸಿಬಿಟ್ಟೆ. ನಾಳೆ ಎಂದುಕೊಂಡೆ. ನಾಳೆಗಳು ನನ್ನ ಹತ್ತಿರ ಯಾವತ್ತೂ ಬೇಕಾದಷ್ಟು ಇರುತ್ತವೆ. ಈ ನಡುವೆ ಅವಳ ಮೇಲ್‌ಗಳು ಬರುತ್ತಲೇ ಇದ್ದವು. ಪ್ರತಿಯೊಂದಕ್ಕೂ ನಮ್ಮ ಪ್ರತಿನಿಧಿ ಬೇಗನೆ ಸಂಪರ್ಕಿಸುತ್ತಲೇ ಇದ್ದ.

ಕೊನೆಗೆ ಒಂದು ದಿನ ಕಿರಣ್ ಬಂದಾಗ ಅವನ ಹೆಲ್ಮೆಟ್ಟನ್ನು ನಾನೇ ತೆಗೆದಿಟ್ಟು ಕಾಫಿ ತರಿಸಿದೆ.

"ಏನ್ ಗುರು, ಉಪಚಾರ ಜೋರಾಗೈತೆ?"

"ಒಂದ್ ಸಣ್ಣ ಕೆಲಸ ಇತ್ತಪ್ಪ. ಈ ಒಂದು ವಿಳಾಸದಿಂದ ಬಂದ್ರೆ ಬೇರೆ ಉತ್ರ ಹೋಗೋ ಹಾಗೆ ಮಾಡೋಕಾಗುತ್ತಾ?"

"ಅದೇನ್ ಮಹಾ. ಯಾರು, ದೊಡ್ಡ ಪಾರ್ಟಿನಾ?"

"ನನ್ ತಂಗಿ."

ಕಿರಣ್ ಕಾಫಿ ಲೋಟ ಕೆಳಗಿಟ್ಟ. "ತಂಗಿಗೆ ನೀನೇ ನಾಕ್ ಸಾಲು ಬರೆದಾಕೋ ಗುರು. ಇಲ್ಲಾ ಒಂದ್ ಫೋನ್ ಮಾಡು."

"ಮಾಡ್ತೀನಿ, ಮಾಡ್ತೀನಿ. ಅಲ್ಲೀವರೆಗೆ."

ಒಂದು ಚೀಟಿಯ ಮೇಲೆ ನಾನೇ ಉತ್ತರವನ್ನು ರಚಿಸಿಕೊಟ್ಟೆ. "ಮಂಜು, ನಿನ್ನ ಕಾಗದ ನೋಡಿ ಸಂತೋಷವಾಯಿತು. ನಾನು ಆರಾಮ. ನೀನು ಹುಷಾರು. ಇಲ್ಲಿ ಕೆಲಸ ಜಾಸ್ತಿ, ಬಿಡುವಿಲ್ಲ. ಬಿಡುವಾದಾಗ ಬರೆಯುತ್ತೇನೆ." ಕಿರಣ್ ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಹೊಡೆದ. ಓದಿ ನೋಡಿ ನನಗೆ ಹೆಮ್ಮೆಯಾಯಿತು. ಅಣ್ಣ ಎನ್ನುವವನು ಬರೆಯಬೇಕಾದದ್ದು ಇದಕ್ಕಿಂತ ಹೆಚ್ಚೇನಿದೆ?

"ಇವಳ ಮೇಲ್ ಇತರೆಗೇ ಬೀಳ್ಲಿ ತಾನೇ?" ಎಂದು ಅವನು ಕೇಳಿದ.

"ಬೇಡ. ಬೇರೆ ಒಂದು ಖಾನೆ ಮಾಡಿ ಅದ್ರೊಳಗೆ ಹಾಕು. ನಂಗೆ ಬಿಡುವಾದಾಗ ನೋಡ್ಕೋತೀನಿ."

ಹೀಗೆ ನಾನು ಅವಳ ಕಾಗದಗಳನ್ನು ಕಣ್ಣಿಗೆ ಬೀಳದ ಜಾಗಕ್ಕೆ ಕಳಿಸಿದೆ. ಮನಸ್ಸಿಗೆ ಎಷ್ಟು ಹಗುರವಾಯಿತು ಎಂದರೆ, ಅಂದು ಸಂಜೆ ಬಸ್ಸಿನಲ್ಲಿ ಕಂಡಕ್ಟರನ್ನೇ ಮಾತಾಡಿಸಿಕೊಂಡು ಬಂದೆ. ಸೂಲಿಬೆಲೆಯಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ, ಅವ್ವನ ಅಕ್ಕ, ನಮಗೆ ಉಳಿದಿರುವ ಹಿರಿಯರು ಅವರೊಬ್ಬರೇ. ಅವರು ಸಿಕ್ಕಾಗ, "ಮಂಜು ಹೆಂಗವ್ಳೆ? ಕಾಗ್ದ ಗೀಗ್ದ ಬರೀತೀಯೇನ್ಲಾ?" ಎಂದು ಕೇಳಿದರು. "ಅವಳು ಬರೆದ ನಿಮಿಷಕ್ಕೆ ಉತ್ರ ಹೋಗುತ್ತೆ ದೊಡ್ಡಮ್ಮ" ಎಂದೆ. ಸುಳ್ಳೇನೂ ಇರಲಿಲ್ಲ. ದೊಡ್ಡಮ್ಮ ನನ್ನ ಗಲ್ಲ ಮುಟ್ಟಿ ನೆಟಿಗೆ ಮುರಿದು, "ಅವ್ವ ಇಲ್ಲ ಅಂತ ಅನ್ನಿಸ್ದಂಗೆ ನೋಡ್ಕೊಂಡೆ ಕಣಪ್ಪ" ಎಂದರು. ಆ ಮಾತನ್ನು ಹಾಗೇ ಮನೆಗೆ ತಂದೆ. ಮನೆಯಲ್ಲಿ ಯಾರಿಗೂ ಹೇಳುವಂತಿರಲಿಲ್ಲ. ಬೀಗ ತೆಗೆದು, ದೀಪ ಹಾಕಿ, ರೇಡಿಯೋ ಹಚ್ಚಿ ಕುಳಿತೆ. ಒಂಟಿಯಾಗಿರುವವರಿಗೆ ರೇಡಿಯೋ ಒಳ್ಳೆಯದು. ಅದೂ ನಾವು ಹೇಳುವುದನ್ನು ಕೇಳದೆ ತನ್ನ ಪಾಡಿಗೆ ಮಾತಾಡುತ್ತದೆ.

ತಿಂಗಳುಗಳು ಕಳೆದವು. ಬಿಡುವಾದಾಗ ನೋಡುತ್ತೇನೆ ಎಂದ ಖಾನೆಯನ್ನು ನಾನು ಒಂದು ಸಲವೂ ತೆರೆಯಲಿಲ್ಲ. ಬಿಡುವೇನೋ ಬೇಕಾದಷ್ಟಿತ್ತು. ಮಧ್ಯಾಹ್ನವೆಲ್ಲ ಕಿಟಕಿಯಿಂದ ಹೊರಗೆ ನೋಡಿಕೊಂಡು ಕುಳಿತಿರುತ್ತಿದ್ದೆ.

ಒಂದು ಭಾನುವಾರ ದೊಡ್ಡಮ್ಮ ಹೇಳದೆ ಕೇಳದೆ ಮನೆಗೆ ಬಂದರು. ಒಳಗೆ ಬಂದವರು ಚಾಪೆಯ ಮೇಲೂ ಕೂರಲಿಲ್ಲ.

"ಏನ್ಲಾ ಮುನಿರಾಜ, ಮಂಜು ಬಸುರಿ ಅಂತ ನಂಗ್ಯಾಕೆ ಹೇಳ್ಳಿಲ್ಲ?"

ನಾನು ರೇಡಿಯೋ ಆರಿಸಿದೆ.

"ಹೊಸಕೋಟೆ ಸಂತೇಲಿ ಅವ್ಳ ಅತ್ತೆ ಸಿಕ್ಕಿದ್ರು. ಏಳು ತುಂಬೈತಂತೆ. ಬಾಣಂತನ ಮಾಡೋಕೆ ಅವ್ರೇ ಮಸ್ಕತ್‌ಗೆ ಹೋಗ್ತಾವ್ರಂತೆ. ಪಾಸ್‌ಪೋರ್ಟ್ ತೋರ್ಸಿದ್ರು, ಸೊಪ್ಪಿನೋಳಿಗೂ ತೋರ್ಸಿದ್ರು. ಮೊದಲ್ನೇ ಬಾಣಂತನ ತವರುಮನೇದಲ್ವೇನಮ್ಮ ಅಂದ್ರೆ, 'ಕೇಳಿದ್ಲಂತೆ ಕಣಮ್ಮ, ಅವ್ರಣ್ಣಂಗೆ ಬಿಡುವಿಲ್ವಂತೆ' ಅಂದ್ಬಿಟ್ರು. ನಾಕ್ ಜನದ ಮುಂದೆ! ನಾನೇನ್ ಸತ್ತೋಗಿದ್ನೇನ್ಲಾ? ನನ್ ಕೈಲಿ ಒಂದ್ ಹೆಣ್ಣುಮಗಳಿಗೆ ಬಿಸ್ನೀರು ಹಾಕಕ್ಕಾಗಲ್ವಾ?"

ನಮ್ಮ ಕಡೆ ಬಡವರಿರಲಿ, ಉಳ್ಳವರಿರಲಿ, ಮೊದಲ ಹೆರಿಗೆಗೆ ಹೆಣ್ಣುಮಗಳನ್ನು ತವರಿನವರು ಕರೆದುಕೊಂಡು ಬರುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಅದೊಂದಕ್ಕೆ ಹೋಗಿ ಕರೆಯುತ್ತಾರೆ. ಅದನ್ನು ಅವಳಾಗಿಯೇ ಬಾಯಿ ಬಿಟ್ಟು ಕೇಳುವ ಹಾಗೆ ಆಗಬಾರದು. ಕೇಳಿದ ಮೇಲೆ ಬಿಡುವಿಲ್ಲ ಎನ್ನಿಸಿಕೊಳ್ಳುವುದು ಯಾವ ಹೆಣ್ಣಿಗೂ ಬರಬಾರದು.

ದೊಡ್ಡಮ್ಮನನ್ನು ಅಲ್ಲೇ ಬಿಟ್ಟು ಫಾರಂಗೆ ಓಡಿದೆ. ಕಾವಲಿನವನಿಂದ ಬೀಗದ ಕೈ ಇಸಿದುಕೊಂಡು ಒಳಗೆ ಹೋಗಿ ಆ ಖಾನೆಯನ್ನು ತೆರೆದೆ. ಒಂದರ ಕೆಳಗೊಂದು ಅವಳ ಮೇಲ್‌ಗಳು, ಪ್ರತಿಯೊಂದರ ಕೆಳಗೂ ನನ್ನ ಹೆಸರಿನ ಉತ್ತರ. ಮೇಲಿನಿಂದ ಓದುತ್ತಾ ಬಂದೆ. ಅವಳು ಜ್ವರ ಎಂದು ಬರೆದಿದ್ದಳು. ನಾನು ಸಂತೋಷವಾಯಿತು ಎಂದಿದ್ದೆ. ಗಂಡನಿಗೂ ಅವಳಿಗೂ ಮಾತಿಗೆ ಮಾತು ಬೆಳೆದು ಅಳುತ್ತಾ ಬರೆದಿದ್ದಳು. ನಾನು ಆರಾಮ ಎಂದಿದ್ದೆ. ನಡುವೆ ಒಂದು ಕಡೆ, ಟೈಪು ಮಾಡುತ್ತಿದ್ದ ವಿನೋದಕ್ಕ ತಮ್ಮದೇ ಒಂದು ಸಾಲು ಸೇರಿಸಿದ್ದರು. "ನಿಮಗೆ ಎಂತ ಆಗಿದೆ ಮಾರಾಯ್ರೆ, ಎಲ್ಲದಕ್ಕೂ ಒಂದೇ ಉತ್ತರವಾ?" ಅದಕ್ಕೂ ನಾನು, ಇಲ್ಲಿ ಕೆಲಸ ಜಾಸ್ತಿ ಎಂದಿದ್ದೆ.

ಅದಾದ ಮೇಲೆ ಆ ಕಾಗದ ಇತ್ತು.

"ಅಣ್ಣಾ, ನಂಗೀಗ ಐದು ತಿಂಗ್ಳು. ಹೇಳಕ್ಕೆ ನಾಚ್ಕೆ, ಆದ್ರೆ ಅವ್ವ ಇಲ್ವಲ್ಲ, ನಿಂಗೇ ಹೇಳ್ಬೇಕು. ನಾನು ಊರಿಗೆ ಬರ್ಲಾ? ನೀನೇನೂ ಮಾಡ್ಬೇಡ. ದೊಡ್ಡಮ್ಮ ಬತ್ತಾರೆ. ನಮ್ಮನೇಲಿ, ಅವ್ವ ಮಲಗ್ತಿದ್ದ ರೂಮಲ್ಲಿ ಇರ್ತೀನಿ. ಹೂ ಅಂತ ಒಂದ್ ಮಾತು ಬರಿ ಸಾಕು, ಇವ್ರು ಟಿಕೆಟ್ ಮಾಡಿಸ್ತಾರೆ."

ನಿನ್ನ ಕಾಗದ ನೋಡಿ ಸಂತೋಷವಾಯಿತು. ನಾನು ಆರಾಮ. ನೀನು ಹುಷಾರು. ಇಲ್ಲಿ ಕೆಲಸ ಜಾಸ್ತಿ, ಬಿಡುವಿಲ್ಲ.

ಅವಳು ಮತ್ತೆ ಕೇಳಿದ್ದಳು. ಅದೇ ಉತ್ತರ ಹೋಗಿತ್ತು. ಕೊನೆಯದರಲ್ಲಿ ಎರಡೇ ಮಾತಿತ್ತು. "ಹೋಗ್ಲಿ ಬಿಡು ಅಣ್ಣಾ. ಅತ್ತೆ ಬತ್ತಾರಂತೆ." ಅದಕ್ಕೂ ಸಂತೋಷವಾಯಿತು ಎಂದು ಹೋಗಿತ್ತು.

ದೇವನಹಳ್ಳಿ ಬಸ್ ಸ್ಟ್ಯಾಂಡಿನ ಪಕ್ಕದ ಫೋನ್ ಅಂಗಡಿಗೆ ಹೋದೆ. ನಂಬರು ವಿನೋದಕ್ಕನ ಮೇಲ್ ಒಂದರ ಕೆಳಗೇ ಇತ್ತು, ಇಷ್ಟು ದಿನವೂ ಇತ್ತು. ಗಾಜಿನ ಗೂಡಿನೊಳಗೆ ನಿಂತು ಒತ್ತಿದೆ. ಎತ್ತಿದ್ದು ವಿನೋದಕ್ಕ.

"ನಾನು ಮಂಜುಳನ ಅಣ್ಣ ಮಾತಾಡ್ತಿರೋದು."

"ಹೌದಾ! ನಿಜವಾದ ಅಣ್ಣನಾ, ಇಲ್ಲ ಮತ್ತೆ ಆ ಮಿಷನ್ನೋ?"

"ನಿಜವಾದೋನೇ ಕಣಮ್ಮ."

"ಹಾಗಾದರೆ ಇಡಬೇಡಿ, ಕರೆಯುತ್ತೇನೆ. ಇಟ್ಟುಗಿಟ್ಟೀರಿ ಮತ್ತೆ!"

ಮಂಜು ಬಂದಳು. ಅಷ್ಟು ದೂರದಿಂದ ಮೊದಲು ಅವಳ ಉಸಿರು ಕೇಳಿಸಿತು, ಆಮೇಲೆ "ಅಣ್ಣಾ" ಎಂದದ್ದು ಕೇಳಿಸಿತು. ನಾನು ದಾರಿಯಲ್ಲಿ ಕಟ್ಟಿಕೊಂಡು ಬಂದಿದ್ದ ಮಾತುಗಳೆಲ್ಲ ಆ ಗಾಜಿನ ಗೂಡಿನ ಹೊರಗೇ ಉಳಿದವು.

"ಮಂಜು, ಬಂದ್ಬಿಡವ್ವ. ನಾಳೇನೇ ಬಾ. ದೊಡ್ಡಮ್ಮ ಇಲ್ಲೇ ಅವ್ರೆ. ಆ ಉತ್ರ ನಾನು ಬರ್ದದ್ದಲ್ಲ ಕಣೇ. ಅದು ಕಂಪ್ಯೂಟರು ತಾನಾಗೇ..."

"ಗೊತ್ತು" ಎಂದಳು. "ವಿನೋದಕ್ಕ ಆವಾಗ್ಲೇ ಹೇಳಿದ್ರು, ಅದು ಮಿಷನ್ನು ಅಂತ."

"ಗೊತ್ತಿದ್ದೂ ಬರೀತಿದ್ದೆಯಾ?"

"ಉತ್ರ ಮಿಷನ್ನು ಕೊಟ್ರೆ ಏನಂತೆ ಅಣ್ಣಾ. ಓದೋದು ನೀನಲ್ವಾ? ನಿಂಗೆ ಟೈಪ್ ಮಾಡಕ್ಕೆ ಬರಲ್ಲ, ಅದಕ್ಕೆ ಹಂಗೆ ಮಾಡಿಟ್ಟವ್ನೆ, ಓದಿರ್ತಾನೆ ಅಂದ್ಕೊಂಡೆ. ಬಸುರಿ ಅಂತ ಬರ್ದಾಗ್ಲೂ ಓದಿರ್ತಾನೆ ಅಂದ್ಕೊಂಡೆ."

ಸುಳ್ಳು ಹೇಳಬಹುದಾಗಿತ್ತು. ಓದಿದ್ದೆ, ಬರೆಯಲಾಗಲಿಲ್ಲ ಎಂದಿದ್ದರೆ ಅವಳು ಅದನ್ನು ನಂಬಿ ನನ್ನನ್ನು ಅರ್ಧ ಕ್ಷಮಿಸುತ್ತಿದ್ದಳು. ಆದರೆ ಓದಿಯೂ ಸುಮ್ಮನಿದ್ದವನಾಗುವುದು ಮೇಲೋ, ಓದದೇ ಇದ್ದವನಾಗುವುದು ಮೇಲೋ ಎಂದು ಆ ಗೂಡಿನೊಳಗೆ ನನಗೆ ತಿಳಿಯಲಿಲ್ಲ.

"ಓದಿರ್ಲಿಲ್ಲ ಮಂಜು" ಎಂದೆ. "ಇವತ್ತೇ ಓದಿದ್ದು."

ಅವಳು ಮೆಲ್ಲಗೆ, "ಈಗ ವಿಮಾನ ಹತ್ಬೇಡ ಅಂದವ್ರೆ ಡಾಕ್ಟ್ರು. ತಡ ಆಯ್ತು ಅಣ್ಣಾ" ಎಂದಳು. ಮತ್ತೆ ಅವಳೇ, "ಊಟ ಮಾಡಿದ್ಯಾ?" ಎಂದು ಕೇಳಿದಳು. ಮಾಡಿರಲಿಲ್ಲ. ಅದನ್ನೂ ನಿಜವೇ ಹೇಳಿದೆ. ಒಂದು ಸಲ ನಿಜ ಹೇಳಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ಹಸು ಮಾರಿದ್ದನ್ನು, ಬಳ್ಳಿ ಒಣಗಿದ್ದನ್ನು, ಎಲ್ಲವನ್ನೂ ಹೇಳಿದೆ. ಹೊರಗೆ ಇಬ್ಬರು ಕಾಯುತ್ತಾ ನಿಂತಿದ್ದವರು ಗಾಜನ್ನು ತಟ್ಟಿದರು.

ಆಮೇಲೆ ದೊಡ್ಡಮ್ಮ ಸೂಲಿಬೆಲೆಯಲ್ಲಿ ಬಾಣಂತಿ ಲೇಹ್ಯ ಮಾಡಿಕೊಟ್ಟರು. ಒಣಕೊಬ್ಬರಿ, ಬೆಲ್ಲ, ಬೆಳ್ಳುಳ್ಳಿ, ಅವ್ವನ ಹಳೆಯ ಮೆತ್ತನೆಯ ಸೀರೆ ಹರಿದು ಮಾಡಿದ ಬಟ್ಟೆಗಳು, ಎಲ್ಲವನ್ನೂ ಗುಲಾಬಿಯ ಪೆಟ್ಟಿಗೆಯಲ್ಲಿಟ್ಟು ನಾನೇ ಕಟ್ಟಿ ಹೊಸಕೋಟೆಗೆ ತೆಗೆದುಕೊಂಡು ಹೋದೆ. ಮಂಜುವಿನ ಅತ್ತೆ ಬಾಗಿಲಲ್ಲೇ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಾಪ್ಪ ಬಾ. ಬಿಡುವಾಯ್ತಾ?" ಎಂದರು. ಹೂಂ ಎಂದು ಒಳಗೆ ಹೋದೆ. ಕುಡಿಯಲು ಮಜ್ಜಿಗೆ ಕೊಟ್ಟರು. ಉಪ್ಪು ಸ್ವಲ್ಪ ಜಾಸ್ತಿ ಇತ್ತು. ಪೂರ್ತಿ ಕುಡಿದೆ.

ಹೆಣ್ಣುಮಗು ಹುಟ್ಟಿತು. ನಾನು ಕಿರಣ್‌ಗೆ ಹೇಳಿ ಆ ಉತ್ತರವನ್ನು ತೆಗೆಸಿದೆ. ಈಗ ನಾನೇ ಬರೆಯುತ್ತೇನೆ, ಒಂದೇ ಬೆರಳಿನಲ್ಲಿ, ದಿನಾ. ಬರೆಯಲು ಏನೂ ಇಲ್ಲ ಎಂದುಕೊಂಡಿದ್ದವನಿಗೆ ಈಗ ಬರೆದಷ್ಟೂ ಮುಗಿಯುವುದಿಲ್ಲ. ಒಲೆ ಹಚ್ಚಿ ಸಾರು ಮಾಡಿದ್ದು, ಅದು ಉಕ್ಕಿದ್ದು, ಹೆಂಚು ಬದಲಾಯಿಸಿದ್ದು, ಪಕ್ಕದ ಮನೆಯ ಮೇಕೆ ಹೊಸ ಮಲ್ಲಿಗೆ ಗಿಡಕ್ಕೆ ಬಾಯಿ ಹಾಕಿದ್ದು, ನಾನು ಅದಕ್ಕೆ ಬೈದದ್ದು, ಮೇಕೆಯ ಯಜಮಾನಿ ನನಗೆ ಬೈದದ್ದು. ಮಂಜುವಿನಿಂದ ಎರಡು ಸಲ ಚಿಕ್ಕ ಉತ್ತರ ಬಂತು. ಮಗು ರಾತ್ರಿಯೆಲ್ಲ ಮಲಗಲು ಬಿಡುವುದಿಲ್ಲವಂತೆ, ಅತ್ತೆಗೆ ಅಲ್ಲಿಯ ಅಕ್ಕಿ ಹಿಡಿಸುವುದಿಲ್ಲವಂತೆ. ಮೂರನೆಯದು ವಿನೋದಕ್ಕನದು. "ನಿಮ್ಮ ತಂಗಿಗೆ ಈಗ ತಲೆ ಬಾಚಲೂ ಪುರುಸೊತ್ತಿಲ್ಲ ಮಾರಾಯ್ರೆ. ಮಗು ಮಲಗಿದಾಗ ನಾನು ಓದಿ ಹೇಳಬೇಕು, ಅಷ್ಟರಲ್ಲಿ ಅದು ಏಳುತ್ತದೆ. ಮೇಕೆಯ ಜಗಳ ಅರ್ಧಕ್ಕೇ ನಿಂತಿದೆ. ದಯವಿಟ್ಟು ಸ್ವಲ್ಪ ಚಿಕ್ಕದಾಗಿ ಬರೆಯಿರಿ."

ಅವರು ಹೇಳಿದ್ದು ನ್ಯಾಯವೇ. ಅಂದು ಬರೆದದ್ದನ್ನು ಮುಂದಿಟ್ಟುಕೊಂಡು ಯಾವುದನ್ನು ತೆಗೆಯಲಿ ಎಂದು ನೋಡಿದೆ. ಸಾರು ತೆಗೆಯುವಂತಿಲ್ಲ, ನಾನು ಮನೆಯಲ್ಲಿ ಉಣ್ಣುತ್ತೇನೆಂದು ಅವಳಿಗೆ ತಿಳಿಯಬೇಕು. ಹೆಂಚು ತೆಗೆಯುವಂತಿಲ್ಲ, ಮುಂದೆ ಯಾವಾಗಲಾದರೂ ಮಗುವನ್ನು ಎತ್ತಿಕೊಂಡು ಬಂದರೆ ರೂಮು ಸೋರುವುದಿಲ್ಲ ಎಂದು ತಿಳಿಯಬೇಕು. ಕೊನೆಗೆ ಒಂದನ್ನು ಮೂರು ಮಾಡಿ, ಮೂರು ಚಿಕ್ಕ ಮೇಲ್‌ಗಳನ್ನಾಗಿ ಕಳಿಸಿದೆ. ಇದನ್ನು ಕೇಳಿ ಕಿರಣ್ ಹೊಟ್ಟೆ ಹಿಡಿದುಕೊಂಡು ನಕ್ಕ. "ಹಿಂಗೇ ಬಿಟ್ರೆ ಗುರು, ಆ ಯಮ್ಮ ನಂಗೇ ಫೋನ್ ಮಾಡಿ, ಮುನಿರಾಜು ಮೇಲ್ ಬಂದ್ರೆ ಬೇರೆ ಖಾನೆಗೆ ಹಾಕು ಅಂತಾರೆ ನೋಡು" ಎಂದ.

ತಮಾಷೆಗೆ ಹೇಳಿದ್ದು. ಆದರೂ ಈ ವಾರವೆಲ್ಲ ಉತ್ತರ ಬಂದಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ನಡುವೆ ಮ್ಯಾನೇಜರು ಹೇಳದೆಯೇ ಇನ್ನೊಂದು ಸಲ ತಂತಿ ಸಿಕ್ಕಿಸಿ ನೋಡುತ್ತಿದ್ದೇನೆ. ಮಗುವಿಗೆ ಹಲ್ಲು ಬರುತ್ತಿರಬೇಕು, ಅದಕ್ಕೇ ಅವಳಿಗೆ ಬಿಡುವಾಗುತ್ತಿಲ್ಲ. ಹಾಗೆಂದುಕೊಂಡು, ಹಲ್ಲು ಬರುವಾಗ ಏನೇನು ಮಾಡಬೇಕೆಂದು ದೊಡ್ಡಮ್ಮನನ್ನು ಕೇಳಿಕೊಂಡು ಬಂದಿದ್ದೇನೆ. ಅದು ಸ್ವಲ್ಪ ಉದ್ದವಿದೆ. ಇವತ್ತು ನಾಲ್ಕು ಮಾಡಬೇಕಾಗಬಹುದು.